ಓದುಗರ ಪ್ರಶ್ನೆ: ಈ ಹಳೆಯ ಬೀಟಲ್ ಯಾವ ವರ್ಷದ್ದು?

ಪ್ರಶ್ನೆ: ನಮ್ಮ ದೊಡ್ಡಪ್ಪನವರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಬಹಳ ವರ್ಷಗಳಿಂದ ಶೆಡ್ಡಿನಲ್ಲಿ ನಿಂತಿದೆ. ಆರ್.ಸಿ. ಪುಸ್ತಕದಲ್ಲಿ 1963 ಎಂದಿದೆ. ಆದರೆ ನೋಡಲು ಬಂದವರೊಬ್ಬರು ನೆಟ್ಟಗೆ ನಿಂತಿರುವ ಹೆಡ್‌ಲೈಟ್‌ಗಳನ್ನು ತೋರಿಸಿ, ಇದು 1967ಕ್ಕಿಂತ ಈಚಿನದು ಎನ್ನುತ್ತಾರೆ. ಯಾವುದನ್ನು ನಂಬಬೇಕು?
– ಮೈಸೂರಿನ ಓದುಗರು

ಉತ್ತರ: ಹೆಡ್‌ಲೈಟನ್ನಂತೂ ನಂಬಬೇಡಿ. ಬೀಟಲ್‌ನ ನಾಲ್ಕು ಮಡ್‌ಗಾರ್ಡ್‌ಗಳನ್ನೂ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಮುಂದಿನ ಮತ್ತು ಹಿಂದಿನ ದೀಪಗಳು ಈ ಮಡ್‌ಗಾರ್ಡ್‌ಗಳ ಮೇಲೆಯೇ ಇರುವುದರಿಂದ, ಎಲ್ಲಿಯಾದರೂ ಗುದ್ದಿ ನುಗ್ಗಾದಾಗಲೋ ತುಕ್ಕು ತಿಂದಾಗಲೋ ಕೈಗೆ ಸಿಕ್ಕಿದ ಬೇರೆ ವರ್ಷದ ಮಡ್‌ಗಾರ್ಡ್ ಹಾಕಿಸಿಕೊಂಡು, ಅದರ ಜೊತೆಗೆ ದೀಪವನ್ನೂ ಬದಲಿಸಿಕೊಂಡ ಕಾರುಗಳು ಬೇಕಾದಷ್ಟಿವೆ. ನೆಟ್ಟಗಿನ ಹೆಡ್‌ಲೈಟ್ ಯುರೋಪಿನ ಕಾರುಗಳಿಗೆ ಬಂದದ್ದು 1967ರ ಆಗಸ್ಟ್‌ನಲ್ಲಿ ಎಂಬುದು ನಿಜ. ಆದರೆ ಅದು ನಿಮ್ಮ ಕಾರಿನ ಮಡ್‌ಗಾರ್ಡಿನ ವಯಸ್ಸನ್ನು ಹೇಳುತ್ತದೆಯೇ ಹೊರತು ಕಾರಿನ ವಯಸ್ಸನ್ನಲ್ಲ.

ಕಿಟಕಿಗಳ ಚೌಕಟ್ಟು ಹಾಗಲ್ಲ. ಅದು ಬಾಡಿಯ ತಗಡಿನದೇ ಭಾಗವಾದ್ದರಿಂದ ಸುಲಭಕ್ಕೆ ಬದಲಾಗುವುದಿಲ್ಲ. ಮೊದಲು ಹಿಂದಿನ ಗಾಜನ್ನು ನೋಡಿ. ನಡುವೆ ಪಟ್ಟಿಯಿದ್ದು ಎರಡು ಭಾಗವಾಗಿದ್ದರೆ ಕಾರು 1953ರ ಮಾರ್ಚ್‌ಗಿಂತ ಹಿಂದಿನದು. ಒಂದೇ ಅಂಡಾಕಾರದ ಗಾಜಾಗಿದ್ದರೆ ಅಲ್ಲಿಂದ 1957ರ ಜುಲೈವರೆಗಿನದು. ಅದೇ ವರ್ಷದ ಆಗಸ್ಟ್‌ನಿಂದ ಅಗಲವಾದ ಆಯತಾಕಾರದ ಗಾಜು ಬಂದಿತು. ನಿಮಗೆ ಮುಖ್ಯವಾಗುವುದು ಇದರ ಮುಂದಿನ ಬದಲಾವಣೆ: 1964ರ ಆಗಸ್ಟ್‌ನಲ್ಲಿ ಎಲ್ಲ ಗಾಜುಗಳೂ ದೊಡ್ಡದಾದವು, ಮುಂದಿನ ಗಾಜಿಗೆ ಸಣ್ಣ ಬಾಗು ಬಂದಿತು. ಮುಂದಿನ ಬಾಗಿಲಿನಲ್ಲಿ ಗಾಳಿಗೆಂದು ತೆರೆಯುವ ಸಣ್ಣ ತ್ರಿಕೋನ ಗಾಜಿದೆಯಲ್ಲ, ಅದರ ಹಿಂಬದಿಯ ಕಂಬಿಯನ್ನು ಹತ್ತಿರದಿಂದ ಗಮನಿಸಿ. ಅದು ನೆಟ್ಟಗಿದ್ದರೆ ಬಾಗಿಲು ಹಳೆಯದು, ಓರೆಯಾಗಿದ್ದರೆ 1964ರ ಆಗಸ್ಟ್‌ನಿಂದ ಈಚಿನದು. ಕಂಬಿ ನೆಟ್ಟಗಿದ್ದು ಹಿಂದಿನ ಗಾಜು ಚಿಕ್ಕ ಅಳತೆಯದೇ ಆಗಿದ್ದರೆ ಆರ್.ಸಿ. ಪುಸ್ತಕದ ಮಾತು ಸರಿಯಿರುವ ಸಂಭವವೇ ಹೆಚ್ಚು.

ಕೊನೆಯ ತೀರ್ಮಾನ ಚಾಸಿಸ್ ನಂಬರಿನದು. ಹಿಂದಿನ ಸೀಟನ್ನು ಎತ್ತಿ ತೆಗೆದರೆ, ನೆಲದ ನಡುವೆ ಉದ್ದಕ್ಕೆ ಉಬ್ಬಿಕೊಂಡು ಬರುವ ಭಾಗದ ಮೇಲೆ ಅದನ್ನು ಅಚ್ಚೊತ್ತಿರುವುದು ಕಾಣುತ್ತದೆ. ಧೂಳನ್ನು ಬಟ್ಟೆಯಿಂದ ಒರೆಸಿದರೆ ಸಾಕು, ಉಜ್ಜುಕಾಗದ ಹಾಕಿ ಉಜ್ಜಬೇಡಿ. 1964ರ ಆಗಸ್ಟ್‌ನಿಂದ 1969ರ ಜುಲೈವರೆಗಿನ ಕಾರುಗಳಲ್ಲಿ ಆ ಸಂಖ್ಯೆಗೆ ಒಂಬತ್ತು ಅಂಕಿಗಳಿವೆ: ಮೊದಲೆರಡು ಕಾರಿನ ಬಗೆಯನ್ನೂ ಮೂರನೆಯದು ಮಾದರಿ ವರ್ಷವನ್ನೂ ಸೂಚಿಸುತ್ತವೆ. 117 ಎಂದು ಆರಂಭವಾದರೆ ಅದು 1967ರ ಮಾದರಿಯ ಬೀಟಲ್, ಅಂದರೆ 1966ರ ಆಗಸ್ಟ್‌ನಿಂದ ಮುಂದಿನ ಜುಲೈವರೆಗೆ ತಯಾರಾದದ್ದು. 1963ರ ಕಾರಿನಲ್ಲಾದರೆ ಈ ಸಂಕೇತವಿಲ್ಲದ ಬರಿಯ ಅನುಕ್ರಮ ಸಂಖ್ಯೆ ಇರುತ್ತದೆ. ಎಂಜಿನ್ ನಂಬರನ್ನು ಮಾತ್ರ ಸಾಕ್ಷಿಯಾಗಿ ಹಿಡಿಯಬೇಡಿ. ನಾಲ್ಕೇ ಬೋಲ್ಟುಗಳ ಮೇಲೆ ನಿಂತಿರುವ ಆ ಎಂಜಿನ್ನನ್ನು ಇಳಿಸಿ ಬೇರೆಯದನ್ನು ಏರಿಸುವುದು ಮೆಕ್ಯಾನಿಕ್‌ಗಳಿಗೆ ದೊಡ್ಡ ಕೆಲಸವೇ ಅಲ್ಲ.

ಪ್ರಶ್ನೆ: ಸೂಪರ್ ಬೀಟಲ್ ಎಂದು ಹೇಳಿ ಮಾರುತ್ತಿರುವ ಕಾರು ನಿಜವಾಗಿಯೂ ಅದೇ ಎಂದು ತಿಳಿಯುವುದು ಹೇಗೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಈ ಕಾರಿನಲ್ಲಿ ಎಂಜಿನ್ ಹಿಂದಿರುವುದರಿಂದ ಸಾಮಾನಿನ ಜಾಗ ಮುಂದಿದೆ. ಅದರ ಮುಚ್ಚಳ ಎತ್ತಿ ಸ್ಟೆಪ್ನಿಯನ್ನು ನೋಡಿ. ಸಾಧಾರಣ ಬೀಟಲ್‌ನಲ್ಲಿ ಅದು ಮೂತಿಗೆ ಒರಗಿ ನಿಂತಿರುತ್ತದೆ, 1970ರ ಆಗಸ್ಟ್‌ನಲ್ಲಿ ಬಂದ 1302 ಎಂಬ ಸೂಪರ್ ಬೀಟಲ್‌ನಲ್ಲಿ ನೆಲದಡಿಯಲ್ಲಿ ಮಲಗಿರುತ್ತದೆ. ಮುಂದಿನ ಸಸ್ಪೆನ್ಷನ್ನಿನಲ್ಲಿ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳು) ಬಿಟ್ಟು ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿ ನೆಟ್ಟಗೆ ನಿಂತ ಜೋಡಣೆ) ಹಾಕಿದ್ದರಿಂದ ಈ ಜಾಗ ಸಿಕ್ಕಿತು. 1972ರ ಆಗಸ್ಟ್‌ನಿಂದ ಬಂದ 1303 ಕೂಡ ಸೂಪರ್ ಬೀಟಲ್ ಆಗಿದ್ದು, ಎದ್ದು ಕಾಣುವಷ್ಟು ಬಾಗಿದ ಮುಂದಿನ ಗಾಜಿನಿಂದ ಅದನ್ನು ದೂರದಿಂದಲೇ ಗುರುತಿಸಬಹುದು.

ಪ್ರಶ್ನೆ: ಇಲ್ಲಿನ ಹಳೆಯ ಕಾರುಗಳ ಮೇಳದಲ್ಲಿ ಕಾರ್ಮನ್ ಗಿಯಾ ಮತ್ತು ಪೋರ್ಷೆ 356 ಅಕ್ಕಪಕ್ಕ ನಿಂತಿದ್ದವು. ಎರಡೂ ನನಗೆ ಒಂದೇ ತರಹ ಕಂಡವು. ವ್ಯತ್ಯಾಸ ತಿಳಿಸುವಿರಾ?
– ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಓದುಗರು

ಉತ್ತರ: ಮೂತಿಯ ಎರಡೂ ಬದಿಗೆ ಮೂಗಿನ ಹೊಳ್ಳೆಗಳಂತೆ ಗಾಳಿಕಂಡಿಗಳಿದ್ದರೆ ಅದು ಫೋಕ್ಸ್‌ವ್ಯಾಗನ್‌ನ ಕಾರ್ಮನ್ ಗಿಯಾ. 1955ರಿಂದ 1959ರವರೆಗಿನವುಗಳಲ್ಲಿ ಆ ಕಂಡಿಗಳು ಚಿಕ್ಕವು ಮತ್ತು ಹೆಡ್‌ಲೈಟ್‌ಗಳು ತಗ್ಗಿನಲ್ಲಿವೆ. 1959ರ ಆಗಸ್ಟ್‌ನಿಂದ ಕಂಡಿಗಳು ದೊಡ್ಡದಾಗಿ, ಹೆಡ್‌ಲೈಟ್‌ಗಳು ಮೇಲಕ್ಕೇರಿದವು. ನನ್ನ ಕಣ್ಣಿಗೆ ಹೆಚ್ಚು ಚೆಂದ ಕಾಣುವುದು ಮೊದಲಿನದೇ.

356ರ ಮೂತಿಯಲ್ಲಿ ಅಂಥ ಹೊಳ್ಳೆಗಳಿಲ್ಲ. 1955ರ ಶರತ್ಕಾಲದಲ್ಲಿ 356ಎ ಬರುವವರೆಗೆ ಅದರ ಮುಂದಿನ ಗಾಜು ಮೊದಲು ಎರಡು ತುಂಡಾಗಿಯೂ ಅನಂತರ ನಡುವೆ ಮಡಿಸಿದಂತೆಯೂ ಇತ್ತು. ಎ ಮಾದರಿಯಲ್ಲಿ ಅದು ಪೂರ್ತಿ ಬಾಗಿದ ಒಂದೇ ಗಾಜಾಯಿತು. 1959ರ ಬಿ ಮಾದರಿಯಲ್ಲಿ ಬಂಪರು ಮತ್ತು ಹೆಡ್‌ಲೈಟ್ ಮೇಲಕ್ಕೆ ಬಂದವು, 1963ರ ಸಿ ಮಾದರಿಯ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಸಿಕ್ಕಿತು.

ಕೊಳ್ಳುವ ಆಲೋಚನೆಯಿದ್ದರೆ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವಿರಲಿ. ಬೀಟಲ್‌ನ ತಳದ ಮೇಲೆ ಫೈಬರ್‌ಗ್ಲಾಸ್ ಬಾಡಿ ಕೂರಿಸಿದ 356 ಸ್ಪೀಡ್‌ಸ್ಟರ್‌ನ (356ರ ತೆರೆದ ಮಾದರಿ) ಪ್ರತಿಕೃತಿಗಳು ಬಹಳ ಇವೆ, ಅವುಗಳಿಗೆ ಅಯಸ್ಕಾಂತ ಅಂಟುವುದಿಲ್ಲ. ಆಸ್ಟ್ರಿಯಾದ ಗ್ಮುಂಡ್‌ನಲ್ಲಿ ಅಲ್ಯೂಮಿನಿಯಂ ತಗಡಿನಿಂದ ಮಾಡಿದ ತೀರಾ ಮೊದಲಿನ 356ಗಳಿಗೂ ಅಂಟದು ಎನ್ನುವುದು ನಿಜ, ಆದರೆ ಬೆರಳೆಣಿಕೆಯಷ್ಟೇ ಉಳಿದಿರುವ ಅಂಥ ಕಾರು ಮಾರಾಟಕ್ಕೆ ಬಂದರೆ ಅದರ ಬೆಲೆಯೇ ಬೇರೆ.