ಬೆಂಜ್ ಕಾರಿನ ಬ್ರೇಕಿಗೆ ಚರ್ಮ ಹೊಡೆಸಿದ್ದು ಯಾಕೆ?

ಮರದ ಬ್ರೇಕ್ ಇಳಿಜಾರಿನಲ್ಲಿ ಬೇಗ ಸವೆಯುತ್ತಿತ್ತು, ಅದಕ್ಕೇ.

1888ರ ಆಗಸ್ಟ್‌ನಲ್ಲಿ ಈ ಕಾರನ್ನು ತಯಾರಿಸಿದ ಕಾರ್ಲ್ ಬೆಂಜ್ ಅವರ ಹೆಂಡತಿ ಬೆರ್ತಾ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಕಾರು ಓಡಿಸಿದರು. ಸುಮಾರು 100 ಕಿಲೋಮೀಟರ್ ದಾರಿ. ಊರೊಳಗೆ ಸುಮ್ನೆ ನಾಲ್ಕು ಸುತ್ತು ಹೊಡೆದರೆ ಇಂಥ ದೋಷ ಕಾಣೋದಿಲ್ಲ, ಅಲ್ವಾ? ಉದ್ದ ಇಳಿಜಾರಿನಲ್ಲಿ ಬ್ರೇಕ್ ಒಂದೇ ಸಮ ಉಜ್ಜಿ ಬಿಸಿಯಾಗುತ್ತದೆ, ಮರ ಸವೆಯುತ್ತದೆ, ಹಿಡಿತ ತಪ್ಪುತ್ತದೆ. ಬೆರ್ತಾ ದಾರಿಯಲ್ಲೇ ಚಪ್ಪಲಿ ಹೊಲಿಯುವವರ ಹತ್ತಿರ ಬ್ರೇಕಿನ ಮರದ ತುಂಡಿಗೆ ಚರ್ಮ ಹೊಡೆಸಿದರು. ಚರ್ಮ ಚೆನ್ನಾಗಿ ಕಚ್ಚುತ್ತದೆ, ಸವೆದರೆ ಅದನ್ನಷ್ಟೇ ಬದಲಿಸಬಹುದು. ಇಂಧನದ ಕೊಳವೆ ಕಟ್ಟಿದಾಗ ಅವರು ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದ್ದರಂತೆ. ಎಷ್ಟು ಸಮಯಪ್ರಜ್ಞೆ ನೋಡಿ!

ಏರಿನಲ್ಲಿ ಮಾತ್ರ ಕಾರನ್ನು ತಳ್ಳಲೇಬೇಕಾಯಿತು. ಅದಕ್ಕೇ ಆಮೇಲೆ ಬೆಂಜ್ ಏರು ಹತ್ತಲು ಇನ್ನೊಂದು ಗೇರ್ ಸೇರಿಸಿದರು.