ಹಳೆ ಮನೆ, ಹೊಸ ಬಣ್ಣ: ಮುಂಗಡ ಕೊಡುವ ಮೊದಲು ಏನು ನೋಡಬೇಕು?

ಪ್ರಶ್ನೆ: ಹದಿನೈದು ವರ್ಷ ಹಳೆಯ ಮನೆಯೊಂದನ್ನು ಕೊಳ್ಳಬೇಕೆಂದಿದ್ದೇವೆ. ಈಗಷ್ಟೇ ಬಣ್ಣ ಹೊಡೆಸಿದ್ದಾರೆ, ನೋಡಲು ಚೆನ್ನಾಗಿದೆ. ಒಂದು ಗೋಡೆಯಲ್ಲಿ ಮಾತ್ರ ಬಿರುಕು ಕಂಡಿತು. ಮುಂಗಡ ಕೊಡುವ ಮೊದಲು ಏನೇನು ಪರೀಕ್ಷಿಸಬೇಕು?

ಉತ್ತರ: ನಿಮಗೆ ಬಿರುಕಿನ ಚಿಂತೆ. ನನಗೆ ಆ ಹೊಸ ಬಣ್ಣದ ಚಿಂತೆಯೇ ಜಾಸ್ತಿ. ಮನೆ ಹಾಳಾಗುವುದು ಹೆಚ್ಚಾಗಿ ನೀರಿನಿಂದ. ಬಣ್ಣ ಹೊಡೆದ ಕೂಡಲೇ ನೀರಿನ ಗುರುತು ಮುಚ್ಚಿಹೋಗುತ್ತದೆ. ಮಾರುವವರು ಬೇಕಂತಲೇ ಮುಚ್ಚಿದ್ದಾರೆ ಅಂತಲ್ಲ, ಆದರೆ ನಿಮಗೆ ಕಾಣಬೇಕಾದ್ದು ಕಾಣುವುದಿಲ್ಲ ಅಲ್ವಾ?

ಹಾಗಾಗಿ ಜೋರು ಮಳೆ ಬಂದ ಮರುದಿನ ಇನ್ನೊಮ್ಮೆ ಹೋಗಿ. ಬಚ್ಚಲುಮನೆಗೆ ಅಂಟಿಕೊಂಡ ಕೋಣೆಯ ಗೋಡೆ, ಕಿಟಕಿಯ ಕೆಳಗಿನ ಮೂಲೆ, ತಾರಸಿಯ ಕೆಳಗಿನ ಚಾವಣಿ, ಇವನ್ನೆಲ್ಲ ಕೈಯಿಂದ ಮುಟ್ಟಿ ನೋಡಿ. ಕಪಾಟುಗಳನ್ನು ತೆರೆಯಿರಿ. ಮುಗ್ಗಲು ವಾಸನೆ ಬಂದರೆ ಸುಮ್ನೆ ಬಿಡಬೇಡಿ, ಅದರ ಹಿಂದಿನ ಗೋಡೆಯನ್ನೂ ನೋಡಿ. ಗೋಡೆಯ ಮೇಲೆ ಉಪ್ಪಿನಂಥ ಬಿಳಿ ಪುಡಿ ಇದ್ದರೆ ಒಳಗೆ ನೀರು ಓಡಾಡಿದೆ ಎಂದರ್ಥ. ನೀರು ಆರುವಾಗ ಇಟ್ಟಿಗೆಯೊಳಗಿನ ಉಪ್ಪು ಹೊರಗೆ ಉಳಿಯುತ್ತದೆ. ಬುಡದಿಂದ ಸುಮಾರು 1 ಮೀಟರ್ ಎತ್ತರದವರೆಗೆ ಉದ್ದಕ್ಕೂ ಕಲೆ ಇದ್ದರೆ ತೇವ ನೆಲದಿಂದಲೇ ಏರುತ್ತಿರಬಹುದು. ಇದು ಪುಟ್ಟಿ ಹಚ್ಚಿದರೆ ಹೋಗುವಂಥದ್ದಲ್ಲ.

ಇನ್ನು ಬಿರುಕು. ಕೂದಲೆಳೆಯಷ್ಟಿದ್ದರೆ ಸಾಮಾನ್ಯವಾಗಿ ಪ್ಲಾಸ್ಟರ್ ಒಣಗಿದ್ದರಿಂದ ಬಂದದ್ದು, ಹೆದರಬೇಡಿ. ಕಿಟಕಿ ಅಥವಾ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟಿದ್ದರೆ, ಒಂದು ತುದಿಯಲ್ಲಿ ಕಿರಿದು ಇನ್ನೊಂದು ತುದಿಯಲ್ಲಿ ಅಗಲವಾಗಿದ್ದರೆ ಅಡಿಪಾಯ ಕುಸಿದಿರಬಹುದು. ಅಗಲ 5 ಮಿಲಿಮೀಟರ್ ದಾಟಿದ್ದರೆ ಎಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ. ಅಲ್ಲೇ ಹತ್ತಿರದ ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದೆಯೇ ನೋಡಿ.

ನನಗೆ ಬಿರುಕಿಗಿಂತ ಭಯ ಹುಟ್ಟಿಸುವುದು ತುಕ್ಕು. ಬೀಮ್, ಕಂಬ, ಸಜ್ಜಾಗಳಲ್ಲಿ ಕಂಬಿಯ ಗುಂಟ ಉದ್ದಕ್ಕೆ ಸೀಳಿದೆಯೇ, ಕಂದು ಕಲೆ ಇದೆಯೇ ಗಮನಿಸಿ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಮೇಲಿನ ಪದರ ಬಿಟ್ಟುಕೊಂಡಿದೆ.

ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ, ಒತ್ತಡ ಎಷ್ಟಿದೆ, ನೀರು ಬೇಗ ಇಳಿದು ಹೋಗುತ್ತದೆಯೇ ನೋಡಿ. ಆಮೇಲೆ ಎಲ್ಲವನ್ನೂ ಬಂದ್ ಮಾಡಿ ನೀರಿನ ಮೀಟರ್ ನೋಡಿ. ಟ್ಯಾಂಕ್ ತುಂಬಿದ ಮೇಲೂ ಮೀಟರ್ ತಿರುಗುತ್ತಿದ್ದರೆ ಎಲ್ಲೋ ಕಾಣದ ಸೋರಿಕೆ ಇದೆ. ವೈರಿಂಗ್ ಮತ್ತು ಅರ್ಥಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಪರೀಕ್ಷೆ ಮಾಡಿಸಿ, ನೀವು ಮುಟ್ಟಲು ಹೋಗಬೇಡಿ.

ಎಂಜಿನಿಯರನ್ನು ನೀವೇ ಹುಡುಕಿ, ಮಾರುವವರು ತೋರಿಸಿದವರು ಬೇಡ. ಏನೇನು ರಿಪೇರಿ ಬೇಕು, ಎಷ್ಟು ಖರ್ಚಾಗಬಹುದು ಎಂದು ಅವರಿಂದ ಬರೆಸಿಕೊಳ್ಳಿ. ಆ ಕಾಗದ ಕೈಯಲ್ಲಿಟ್ಟುಕೊಂಡೇ ಬೆಲೆ ಮಾತಾಡಿ.