ತಿಮಿಂಗಿಲ ಕಾರಂಜಿ ಅಲ್ಲ ಕಣಮ್ಮ

ನಮಸ್ಕಾರ. ನಿಮ್ಮ "ಸಾಗರ ಸಾಮ್ರಾಟನ ಸನ್ನಿಧಿಯಲ್ಲಿ" ಬಂದು ಹತ್ತು ದಿನ ಆಯ್ತು. ಎರಡು ಸಲ ಓದ್ದೆ, ಎರಡನೇ ಸಲ ಸಿಟ್ಟು ಬಂತು, ಅದಕ್ಕೇ ಬರೀತಿದೀನಿ. ಸಿಟ್ಟು ಬರಿಸದೇ ಇರೋ ಲೇಖನಗಳಿಗೆ "ತಲುಪಿದೆ, ವಂದನೆಗಳು" ಅಂತ ಒಂದು ಲೈನ್ ಹಾಕಿ ಸುಮ್ಮನಾಗ್ಬಿಡ್ತೀನಿ. ಬೇರೆ ಬರೆಯೋ ಹುಡುಗ್ರೂ ಓದ್ಲಿ ಅಂತ ಉತ್ತರಾನ ಇಲ್ಲೇ ಹಾಕ್ತಿದೀನಿ, ನಿಮ್ಮ ಹೆಸರು ತೆಗೆದಿದೀನಿ.

ಮೊದ್ಲು ಒಳ್ಳೇದು ಹೇಳ್ಬೇಕಲ್ಲ. ಕಾಗುಣಿತ ತಪ್ಪಿಲ್ಲ, ಮಂಡ್ಯದ ಕಡೆಯೋರಾದ್ರೂ ಹಕಾರ ಅಕಾರ ಅದಲುಬದಲಾಗಿಲ್ಲ. ಫೋಟೋನೂ ಚೆನ್ನಾಗಿದೆ. ಆಯ್ತು.

ಓದೋರಿಗೆ ವಿಷಯ ಏನಪ್ಪ ಅಂದ್ರೆ, ಮದ್ದೂರಿನ ಹುಡುಗಿ, ಅಮೆರಿಕದಲ್ಲಿ ಕೆಲಸ, ಬಾಣಂತನಕ್ಕೆ ಅಂತ ಬಂದ ಅಮ್ಮನ್ನ ಫೆಬ್ರವರೀಲಿ ಹವಾಯಿಯ ಮಾವಿ ದ್ವೀಪಕ್ಕೆ ಕರ್ಕೊಂಡೋಗಿ ಬೋಟ್ ಹತ್ತಿಸಿ ಹಂಪ್‌ಬ್ಯಾಕ್ ತಿಮಿಂಗಿಲ ತೋರಿಸಿದ್ದು. ಹದಿನಾಲ್ಕು ಪುಟ. ಅದ್ರಲ್ಲಿ ತಿಮಿಂಗಿಲ ಬರೋದು ಒಂಬತ್ತನೇ ಪುಟಕ್ಕೆ, ಅದೂ ಹೋಗ್ಲಿ ಬಿಡಿ, ಏರ್‌ಪೋರ್ಟು ಹೋಟೆಲ್ಲು ಎಲ್ಲಾರೂ ಬರೀತಾರೆ. ನನ್ನ ತಕರಾರು ಆ ಒಂಬತ್ತನೇ ಪುಟದ ಜೊತೆ ಮಾತ್ರ.

ಶುರು ಹೀಗಿದೆ: "ಆಹಾರವನ್ನರಸಿ ಸಾವಿರಾರು ಮೈಲಿ ಈಜಿ ಬರುವ ಈ ದೈತ್ಯ ಮತ್ಸ್ಯ". ಮತ್ಸ್ಯ ಅಲ್ಲ ತಾಯಿ, ಮರಿಗೆ ಹಾಲು ಕೊಡೋ ಪ್ರಾಣಿ. ಆಹಾರ ಅರಸಿಯಂತೂ ಅಲ್ವೇ ಅಲ್ಲ. ಊಟ ಇರೋದು ಅಲಾಸ್ಕದ ಕಡೆ, ಬೇಸಿಗೇಲಿ ಅಲ್ಲಿ ತಿಂದು ಮೈಗೆ ಕೊಬ್ಬು ಕಟ್ಕೊಂಡು ಚಳಿಗಾಲಕ್ಕೆ ಹವಾಯಿಗೆ ಇಳಿಯೋದು ಕೂಡೋಕೆ, ಹೆರೋಕೆ. ಇಲ್ಲಿರೋ ಅಷ್ಟು ದಿನ ಹೆಚ್ಚುಕಮ್ಮಿ ಉಪವಾಸ. ಹೆತ್ತ ತಾಯಿ ಆ ಉಪವಾಸದಲ್ಲೇ ಮರಿಗೆ ಹಾಲು ಕೊಟ್ಕೊಂಡು ಸುಮಾರು 4,800 ಕಿಲೋಮೀಟರ್ ವಾಪಸ್ ಈಜ್ಬೇಕು. ನಮ್ಮ ಕಡೆ ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ಕೊಬ್ಬರಿ ಅಂತ ಮನೆ ಮಂದಿಯೆಲ್ಲ ಓಡಾಡ್ತಾರೆ, ಅದಕ್ಕೆ ಒಂದು ತುತ್ತಿಲ್ಲ. ಬಾಣಂತನ ಮಾಡೋಕೆ ಬಂದ ಅಮ್ಮನ್ನ ಪಕ್ಕದಲ್ಲೇ ಕೂರಿಸ್ಕೊಂಡು ಇದನ್ನ ಹೇಗಮ್ಮ ಬಿಟ್ರಿ? (ಕೂಸು ಎಲ್ಲಿತ್ತು ಆವಾಗ? ಅದನ್ನೂ ಬರ್ದಿಲ್ಲ.)

ಮುಂದಿನ ಲೈನ್ ನನ್ನ ನಿದ್ದೆ ಕೆಡಿಸಿದ್ದು. "ಇದ್ದಕ್ಕಿದ್ದಂತೆ ಬೃಂದಾವನದ ಕಾರಂಜಿಯಂತೆ ನೀರು ಮುಗಿಲೆತ್ತರಕ್ಕೆ ಚಿಮ್ಮಿತು." ನಮ್ಮೂರ ಹೋಲಿಕೆ ತಂದಿದೀರ, ಸಂತೋಷ. ಆದ್ರೆ ಕೆಆರ್‌ಎಸ್ ಕಾರಂಜಿ ಸ್ವಿಚ್ ಹಾಕಿದ್ರೆ ಏಳುತ್ತೆ, ತೆಗೆದ್ರೆ ಮಲಗುತ್ತೆ. ಇಲ್ಲಿ ಚಿಮ್ಮಿದ್ದು ನೀರಲ್ಲ, ಉಸಿರು. ನೆತ್ತಿ ಮೇಲಿರೋ ಎರಡು ಹೊಳ್ಳೆಯಿಂದ ಶ್ವಾಸಕೋಶದ ಬಹುಪಾಲು ಗಾಳೀನ ಒಂದೇ ಸಲಕ್ಕೆ ಹೊರಗೆ ದೂಡುತ್ತೆ, ಆ ಉಸಿರಿನ ತೇವ, ಹೊಳ್ಳೆ ಮೇಲೆ ನಿಂತಿದ್ದ ಒಂಚೂರು ನೀರು, ಒಂದಿಷ್ಟು ಗೊಣ್ಣೆ, ಎಲ್ಲ ಸೇರಿ ಹೊಗೆ ಥರ ಮೇಲೇಳುತ್ತೆ. ಮುಗಿಲೆತ್ತರ ಏನಲ್ಲ, ಮೂರು ನಾಲ್ಕು ಮೀಟರ್, ಒಂದು ಅಂತಸ್ತಿನ ಮನೆ ಅಷ್ಟು.

ಇದು ನಿಮಗೆ ಗೊತ್ತಿರ್ಬೇಕಿತ್ತು ಅಂತ ಬೈತಿಲ್ಲ, ನಂಗೂ ಓದಿದ್ಮೇಲೇ ಗೊತ್ತಾಗಿದ್ದು, ನಾನು ಸಮುದ್ರ ಅಂತ ನೋಡಿರೋದೇ ಮಲ್ಪೇಲಿ. ಬೈತಿರೋದು ಅದರ ಕೆಳಗಿನ ಲೈನಿಗೆ. ನೀವೇ ಬರ್ದಿದೀರ, ನೂರು ಗಜಕ್ಕಿಂತ ಹತ್ರ ಬೋಟ್ ಹೋಗೋ ಹಾಗಿಲ್ಲ ಅನ್ನೋ ಕಾನೂನಿದೆ, ಆದ್ರೆ ತಿಮಿಂಗಿಲ ತಾನೇ ಇತ್ತ ಬಂತು, ಕ್ಯಾಪ್ಟನ್ ಎಂಜಿನ್ ಆಫ್ ಮಾಡಿದ್ರು, ಎಲ್ಲ ನಿಶ್ಶಬ್ದ. ಆಮೇಲೆ: "ಅಮ್ಮ ವಾಂತಿ ಕವರಿನಿಂದ ತಲೆಯೆತ್ತದೆಯೇ, ಯಾರೋ ಉಸ್ರು ಬುಟ್ಟಂಗಾಯ್ತಲ್ಲವ್ವಾ ಅಂದರು. ನಾವೆಲ್ಲ ನಕ್ಕೆವು."

ನಕ್ಕು ಮುಂದಕ್ಕೆ ಹೋಗ್ಬಿಟ್ರಿ!

ಆ ಬೋಟಲ್ಲಿ ಅಷ್ಟು ಜನ ಕ್ಯಾಮೆರಾ ಹಿಡ್ಕೊಂಡು ನಿಂತಿದ್ರಲ್ಲ, ಅದೇನು ಅಂತ ಸರಿಯಾಗಿ ಹೇಳಿದ್ದು ನಿಮ್ಮಮ್ಮ ಒಬ್ರೇ, ಅದೂ ಕಣ್ಣಿಂದ ನೋಡ್ದೆ. ನೀವು ಅದನ್ನ ಜೋಕ್ ಮಾಡಿ ಪಕ್ಕಕ್ಕಿಟ್ಟು ಕಾರಂಜೀನ ಮುಂದಕ್ಕೆ ತಂದ್ರಿ, ಯಾಕಂದ್ರೆ ಕಾರಂಜಿ ಸಾಹಿತ್ಯ, ಅಮ್ಮ ಅಂದಿದ್ದು ಮನೆ ಮಾತು.

ಇದೇ ತಪ್ಪು ನಾನೂ ಮಾಡಿದೀನಿ, ಅದಕ್ಕೇ ಇಷ್ಟು ಉರೀತಿರೋದು. 1983ರಲ್ಲಿ ಮೈಸೂರಿನ ಒಂದು ಸಣ್ಣ ಪತ್ರಿಕೇಲಿ ಟ್ರೈನಿ ಆಗಿ ಸೇರಿದ್ದೆ, ಸಂಬಳ ಅಂದ್ರೆ ಬಸ್ ಚಾರ್ಜು ಪ್ಲಸ್ ಮಧ್ಯಾಹ್ನದ ಟೀ. ರಂಗನತಿಟ್ಟಿನ ಮೇಲೆ ಬರ್ಕೊಂಡು ಬಾ ಅಂತ ಕಳಿಸಿದ್ರು. ಸೈಕಲ್ ತುಳ್ಕೊಂಡು ಹೋದೆ, ದೋಣಿ ಹತ್ತಿದೆ, ಬಂಡೆ ಮೇಲೆ ಮೊಸಳೆ ಬಾಯಿ ಕಳ್ಕೊಂಡು ಮಲಗಿತ್ತು. ಬಂದು ಬರ್ದೆ, "ರಕ್ತದಾಹದಿಂದ ಬಾಯ್ದೆರೆದು ಬೇಟೆಗಾಗಿ ಹೊಂಚು ಹಾಕಿದ್ದ ಕಾವೇರಿಯ ಯಮದೂತ". ಡೆಸ್ಕಲ್ಲಿ ಒಬ್ಬ ಹಿರಿಯರಿದ್ರು, ನಶ್ಯ ಏರಿಸ್ಕೊಂಡು ಕೇಳಿದ್ರು, ದೋಣಿಯೋನು ಏನಾದ್ರೂ ಅಂದ್ನಾ? ನಾನು, ಏನೋ ಅಂದ ಸಾರ್, ಸೆಕೆಗೆ ಬಾಯ್ ಬುಟ್ಕೊಂಡದೆ ಕಣ್ ಸೋಮಿ, ನಮ್ಮನೆ ನಾಯಿನೂ ಅಂಗೇಯಾ ಅಂತ, ಅಂದೆ. ಅವರು ನನ್ನ ಕಾಪಿ ಮೇಲೆ ಕೆಂಪು ಇಂಕಲ್ಲಿ ಉದ್ದಕ್ಕೆ ಗೆರೆ ಎಳೆದು, ಅವನ ಕೈಲಿ ಬರೆಸ್ಕೊಂಡು ಬರ್ಬೇಕಿತ್ತು ಕಣಯ್ಯ, ನಿಂಗ್ಯಾಕೆ ಬಸ್ ಚಾರ್ಜು, ಅಂದ್ರು. ದೋಣಿಯೋನು ಹೇಳಿದ್ದೇ ಸರಿ, ಮೈ ಬಿಸಿ ಇಳಿಸ್ಕೊಳ್ಳೋಕೆ ಮೊಸಳೆ ಬಾಯಿ ತೆರ್ಕೊಂಡು ಬಿದ್ದಿರುತ್ತೆ. ಆ ಲೇಖನ ಕೊನೆಗೂ ಅಚ್ಚಾಗ್ಲಿಲ್ಲ, ನಾನು ಒಂದು ವಾರ ಅವರ ಮುಖ ನೋಡ್ಲಿಲ್ಲ, ಆಮೇಲೆ ಹತ್ತು ವರ್ಷ ಅವರ ನಶ್ಯದ ಡಬ್ಬಿ ತುಂಬಿಸಿಟ್ಟಿದ್ದು ನಾನೇ.

ಕೊನೇದು. ತಿಮಿಂಗಿಲ ಇಡೀ ಮೈ ನೀರಿಂದ ಎತ್ತಿ ಕೆಡವ್ತು ಅಂತೀರ, ಮುಂದಿನ ಮಾತೇ "ಆ ದೃಶ್ಯವನ್ನು ವರ್ಣಿಸಲು ಪದಗಳಿಲ್ಲ". ಈ ಮಾತು ನಿಮ್ಮ ಲೇಖನದಲ್ಲಿ ಐದು ಕಡೆ ಇದೆ, ಎಣಿಸ್ದೆ. ಪದ ಇಲ್ದೇ ಇದ್ರೆ ಹದಿನಾಲ್ಕು ಪುಟ ಏನಮ್ಮ ತುಂಬಿಸಿದ್ರಿ? ಬೆನ್ನಿನ ಮೇಲೆ ಬಿತ್ತಾ, ಪಕ್ಕೆ ಮೇಲೆ ಬಿತ್ತಾ? ಆ ಪಕ್ಕದ ರೆಕ್ಕೆ ಮೈಯ ಮೂರನೇ ಒಂದು ಭಾಗ ಉದ್ದ ಇರುತ್ತಂತೆ, ಅದು ಮೊದ್ಲು ನೀರಿಗೆ ತಾಕ್ತಾ? ದೂರದಲ್ಲಿ ಬಿದ್ದಿದ್ರೆ ನೀರು ಎರಚಿದ್ದು ಮೊದ್ಲು ಕಂಡು ಸದ್ದು ಆಮೇಲೆ ಬಂದಿರ್ಬೇಕು, ಶ್ರೀರಂಗಪಟ್ಟಣದಲ್ಲಿ ಹೊಳೆ ಆಚೆ ದಡದೋರು ಬಟ್ಟೆ ಬಡಿದು ಮತ್ತೆ ಮೇಲೆತ್ತೋ ಹೊತ್ತಿಗೆ ಈಚೆ ಸದ್ದು ಕೇಳುತ್ತಲ್ಲ, ಹಂಗೆ. ಮೂವತ್ತು ಟನ್ ಬಿದ್ದ ಮೇಲೆ ಬೋಟ್ ಅಲ್ಲಾಡ್ತಾ ಇಲ್ವಾ, ನಂಗೆ ಅಷ್ಟು ಬೇಕು.

ಎಂಜಿನ್ ಆಫ್ ಆದ ಜಾಗದಿಂದ ಶುರು ಮಾಡಿ, ನಾಲ್ಕು ಪುಟ ಸಾಕು. ಯೂನಿಕೋಡಲ್ಲಿ ಕಳ್ಸಿ, ಪಿಡಿಎಫ್ ಬೇಡ. ಬರೆಯೋಕೆ ಮುಂಚೆ ಮದ್ದೂರಿಗೊಂದು ಫೋನ್ ಹಾಕಿ ಅಮ್ಮನ್ನ ಕೇಳಿ, ಆ ಉಸಿರು ಒಂದೇ ಸಲಾನಾ, ಇಲ್ಲ ದೊಡ್ಡದೊಂದು ಆದ್ಮೇಲೆ ಹಿಂದೇನೇ ಚಿಕ್ಕದೊಂದು ಕೇಳಿಸ್ತಾ ಅಂತ. ಎರಡು ಕೇಳಿಸ್ತು ಅಂದ್ರೆ ಪಕ್ಕದಲ್ಲಿ ಮರಿನೂ ಇದ್ದಿರ್ಬಹುದು, ನಿಮಗ್ಯಾರಿಗೂ ಕಂಡಿಲ್ಲ.